ಸಲ್ಮೀನರ ಕೈಯ ಕಾಫಿ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ವಾದಿ ಸಿದ್ರ್ ಕಣಿವೆಯ ಪರಂಪರೆ ಉತ್ಸವದ ಬಯಲಿನಲ್ಲಿ ಒಂದೇ ಒಂದು ಕಡೆ ಬೆಂಕಿ ಕಾಣುತ್ತಿದೆ. ಖರ್ಜೂರದ ಗರಿಯಿಂದ ಕಟ್ಟಿದ ಗುಡಿಸಲಿನ ಮುಂದೆ, ಮರಳಿನಲ್ಲಿ ತೋಡಿದ ಒಲೆಯ ಪಕ್ಕ ಸಲ್ಮೀನ್ ಬಿನ್ ಹುವೈಶಿಲ್ ಕಾಲು ಮಡಚಿ ಕುಳಿತಿದ್ದಾರೆ. ಉದ್ದ ಹಿಡಿಯ ಬಾಣಲೆಯಲ್ಲಿ ಕಾಫಿ ಬೀಜ ಚಟಪಟ ಅನ್ನುತ್ತಿದೆ. ಬೀಜ ಹೊಂಬಣ್ಣಕ್ಕೆ ತಿರುಗುವಷ್ಟರಲ್ಲಿ ಇಳಿಸಬೇಕು. ಕಪ್ಪಾಗುವವರೆಗೆ ಹುರಿದದ್ದನ್ನು ನಮ್ಮ ಕಡೆ ಕಾಫಿ ಎಂದು ಯಾರೂ ಒಪ್ಪುವುದಿಲ್ಲ.

ಬೇರೆ ದಿನಗಳಲ್ಲಿ ಅವರ ಕಣ್ಣು ಬಾಣಲೆ ಬಿಟ್ಟು ಕದಲುವುದಿಲ್ಲ. ಇವತ್ತು ಮಾತ್ರ ಒಂಟೆಗಳ ದೊಡ್ಡಿಯಿಂದ ಬರುವ ದಾರಿಯ ಕಡೆಗೆ ಮತ್ತೆ ಮತ್ತೆ ಹೋಗುತ್ತಿದೆ.

"ಬರ್ತಾರೆ ಅಂತೀಯಾ, ಪತ್ರಿಕೆಯವನೇ?" ಎಂದು ಕೇಳುತ್ತಾರೆ.

"ಮಾತು ಕೊಟ್ಟಿದ್ದಾರಲ್ಲ."

"ಮಾತು ಕೊಟ್ಟಿದ್ದಾರೆ, ನಿಜ. ಮನಸ್ಸು ಕೊಟ್ಟಿದ್ದಾರೋ ಇಲ್ಲವೋ ನೋಡಬೇಕು."

ಇಂದು ಉತ್ಸವದ ಕೊನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಗುಡಿಸಲುಗಳನ್ನು ಬಿಚ್ಚಲು ಶುರು ಮಾಡುತ್ತಾರೆ, ಒಂಟೆಗಳು ಲಾರಿ ಹತ್ತುತ್ತವೆ. ಅಷ್ಟರೊಳಗೆ ಖಲ್ಫಾನ್ ಬಿನ್ ಮುಹೈರ್ ಎಂಬ ಹಿರಿಯರು ಈ ಒಲೆಯ ಮುಂದೆ ಬಂದು ಕುಳಿತರೆ ಸಲ್ಮೀನರ ಜೀವಕ್ಕೆ ನೆಮ್ಮದಿ. ಬಾರದೆ ಹೋದರೆ ಇವರು ಮುಂದಿನ ಚಳಿಗಾಲಕ್ಕೆ ಇಲ್ಲಿ ಕಾಲಿಡುವುದಿಲ್ಲ. ಇದು ನನ್ನ ಊಹೆಯಲ್ಲ, ನಿನ್ನೆ ಅವರೇ ಹೇಳಿದ ಮಾತು.

ಉತ್ಸವಕ್ಕೆ ಬಂದವರು ಕೋಲು ಹಿಡಿದು ಸಾಲಾಗಿ ಕುಣಿಯುವವರ ಚಿತ್ರ ತೆಗೆಯುತ್ತಾರೆ, ಗಿಡುಗವನ್ನು ಮುಂಗೈ ಮೇಲೆ ಕೂರಿಸಿಕೊಂಡು ನಗುತ್ತಾರೆ, ಜರಿ ಹೆಣೆಯುವ ಅಜ್ಜಿಯರ ಮುಂದೆ ಮಂಡಿಯೂರುತ್ತಾರೆ. ಗುಡಿಸಲಿಗೆ ಬಂದರೆ ಖರ್ಜೂರ ತಿಂದು, ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಹೊರಡುತ್ತಾರೆ. ಕಾಫಿ ಕೊಟ್ಟವರ ಮುಖ ಎಷ್ಟು ಜನಕ್ಕೆ ನೆನಪಿರುತ್ತದೆ? ಕಾಫಿ ಚೆನ್ನಾಗಿದ್ದರಂತೂ ಯಾರಿಗೂ ಇರುವುದಿಲ್ಲ. ಸಲ್ಮೀನರಿಗೆ ಅದರಲ್ಲಿ ಬೇಸರವಿಲ್ಲ. "ನೆಂಟರು ಕಾಫಿ ಸುರಿಯೋನ ಮುಖ ನೋಡ್ತಾ ಕೂತರೆ ಮಾತಾಡೋದು ಯಾವಾಗ?" ಎನ್ನುತ್ತಾರೆ.

ಇವರ ತಂದೆ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ಆಡು ಸಾಕಿಕೊಂಡಿದ್ದವರು. ಮನೆಯಲ್ಲಿ ಅಕ್ಕಿ ಇಲ್ಲದ ದಿನಗಳಿದ್ದವು, ಕಾಫಿ ಬೀಜ ಇಲ್ಲದ ದಿನವನ್ನು ತಂದೆ ಬರಗೊಡಲಿಲ್ಲ. ಹಿತ್ತಾಳೆಯ ಕುಟ್ಟಾಣಿಯ ಸದ್ದು ಕೇಳಿದರೆ ಕಣಿವೆಯ ಆಚೆ ಹೋಗುವವರೂ ತಿರುಗಿ ಬರುತ್ತಿದ್ದರಂತೆ. ಮುಂದೆ ಬಾವಿಯ ನೀರು ಉಪ್ಪಾಯಿತು, ಆಡುಗಳನ್ನು ಮಾರಿದರು, ಮನೆ ಪಟ್ಟಣಕ್ಕೆ ಬಂತು. ಸಲ್ಮೀನ್ ಹರೆಯದಿಂದ ಮುಪ್ಪಿನವರೆಗೆ ನೀರಿನ ಟ್ಯಾಂಕರ್ ಓಡಿಸಿದರು. ಬೆಟ್ಟದ ಮನೆಗಳಿಗೆ ನೀರು ಮುಟ್ಟಿಸಿ, ಸಂಜೆ ಯಾರದಾದರೂ ಮದುವೆಯಲ್ಲೋ ಸಾವಿನ ಮನೆಯಲ್ಲೋ ಕಾಫಿ ಸುರಿಯಲು ನಿಲ್ಲುತ್ತಿದ್ದರು. ಹಗಲಿಡೀ ನೀರು, ಸಂಜೆ ಕಾಫಿ. ಒಟ್ಟಿನಲ್ಲಿ ಜನರ ಬಾಯಾರಿಕೆ ತೀರಿಸುವುದೇ ಹಣೆಬರಹ ಎಂದು ಹೆಂಡತಿ ಅಫ್ರಾ ಅಣಕಿಸುತ್ತಾರೆ.

"ಮನೇಲಿ ಒಂದು ಲೋಟ ನೀರು ಕೇಳಿದ್ರೆ ಮಾತ್ರ ಕಾಲು ನೋವು ಇವರಿಗೆ," ಎಂದು ಹೇಳಿ ಅವರು ನಮ್ಮ ಮುಂದೆ ಖರ್ಜೂರದ ತಟ್ಟೆ ಇಡುತ್ತಾರೆ. ಪಕ್ಕದ ಗುಡಿಸಲಿನಲ್ಲಿ ಕಾವಲಿಯ ಮೇಲೆ ಕಾಗದದಷ್ಟು ತೆಳುವಾದ ರೊಟ್ಟಿ ಎಳೆಯುವುದು ಅವರ ಕೆಲಸ.

ಉತ್ಸವ ಶುರುವಾದ ವರ್ಷದಿಂದ ಈ ಒಲೆ ಸಲ್ಮೀನರದು. ದಿನಕ್ಕೆ ನಾಲ್ಕೈದು ಸಲ ಹುರಿಯುತ್ತಾರೆ, ಕುಟ್ಟುತ್ತಾರೆ, ಏಲಕ್ಕಿ ಹಾಕಿ ಕುದಿಸುತ್ತಾರೆ, ಕೊಕ್ಕಿನ ಹೂಜಿಗೆ, ಎಂದರೆ ನಮ್ಮ ದಲ್ಲಾಕ್ಕೆ ಬಸಿದು ಕೇಸರಿ ಉದುರಿಸುತ್ತಾರೆ. ಎಡಗೈಯಲ್ಲಿ ದಲ್ಲಾ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು. ಆ ಬಟ್ಟಲೇ ಫಿಂಜಾನ್. ಅದರ ತಳ ಮುಚ್ಚುವಷ್ಟು, ಇನ್ನೊಂದು ತುಸು ಹೆಚ್ಚು ಸುರಿದು ಕೊಡಬೇಕು. ಕುಡಿದವರು ಖಾಲಿ ಫಿಂಜಾನನ್ನು ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ. ಅಲ್ಲಾಡಿಸದೆ ಕೊಟ್ಟರೆ ಮತ್ತೆ ಸುರಿಯಬೇಕು. ಸಭ್ಯರು ಮೂರಕ್ಕೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ, ಅದು ಬೇರೆ ಮಾತು.

ಎರಡು ವರ್ಷದ ಹಿಂದೆ ಅವರ ಎಡಗೈ ನಡುಗತೊಡಗಿತು. ವೈದ್ಯರು ಅದಕ್ಕೊಂದು ಹೆಸರು ಹೇಳಿ, ಜೀವಕ್ಕೇನೂ ಭಯವಿಲ್ಲ ಎಂದು ಕಳಿಸಿದರು. "ಜೀವಕ್ಕೆ ಭಯ ಇಲ್ಲ ಅಂದ್ರು. ಮಾನಕ್ಕೆ ಇದೆಯಾ ಅಂತ ಕೇಳೋದು ಮರೆತೆ," ಎನ್ನುತ್ತಾರೆ ಸಲ್ಮೀನ್. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸುರಿಯುವುದನ್ನು ಅಭ್ಯಾಸ ಮಾಡಿಕೊಂಡರು. ಹಳೆಯ ಗೆಳೆಯರು ಕಾಲೆಳೆದರು, ಇವರೂ ನಕ್ಕರು. ಹೊಸಬರಿಗೆ ಗೊತ್ತೇ ಆಗಲಿಲ್ಲ.

ಈ ಸಲ ನಾಲ್ಕನೆಯ ದಿನ ಎಡವಟ್ಟಾಯಿತು. ಖಲ್ಫಾನ್ ಹಿರಿಯರು ಮರಳುಗಾಡಿನ ದಕ್ಷಿಣದ ಅಂಚಿನಿಂದ ಒಂಟೆಗಳ ಸ್ಪರ್ಧೆಗೆ ಮೊದಲ ಸಲ ಬಂದವರು. ಬಂದ ಮೇಲೆ ಗುಡಿಸಲಿಗೂ ಬಂದರು. ಎಲ್ಲರೂ ಎದ್ದು ನಿಂತು ಅವರನ್ನು ನಡುವಿನ ದಿಂಬಿಗೆ ಒರಗಿಸಿದರು. ಮೊದಲ ಫಿಂಜಾನ್ ಅವರಿಗೇ ಹೋಗಬೇಕು. ಸಲ್ಮೀನ್ ಬಾಗಿ ಸುರಿದರು. ಕೈ ಅದುರಿತು, ದಲ್ಲಾದ ಕೊಕ್ಕು ತಗ್ಗಿತು, ಫಿಂಜಾನ್ ಅಂಚಿನವರೆಗೆ ತುಂಬಿತು. ತಪ್ಪನ್ನು ಕಾಣುವ ಮೊದಲೇ ವರ್ಷಗಳ ಅಭ್ಯಾಸ ಬಲಗೈಯನ್ನು ಮುಂದಕ್ಕೆ ಚಾಚಿಬಿಟ್ಟಿತ್ತು.

ಬೇರೆಯವರ ಮನೆಯಲ್ಲಿ ಬಟ್ಟಲು ತುಂಬ ಕೊಟ್ಟರೆ ಪ್ರೀತಿ ಇರಬಹುದು. ನಮ್ಮಲ್ಲಿ ತುಂಬಿದ ಫಿಂಜಾನ್ ಎಂದರೆ, ಇದನ್ನು ಕುಡಿದು ಎದ್ದು ನಡೆ, ಎರಡನೆಯದು ನಿನಗಿಲ್ಲ ಎಂದರ್ಥ. ಬಾಯಲ್ಲಿ ಹೇಳಲಾಗದ ಅವಮಾನವನ್ನು ಹೀಗೆ ಮಾಡುವುದುಂಟು. ಖಲ್ಫಾನ್ ಫಿಂಜಾನನ್ನು ನೋಡಿದರು, ಸಲ್ಮೀನರನ್ನು ನೋಡಿದರು. ಕುಡಿಯಲಿಲ್ಲ. ಊರುಗೋಲು ಹಿಡಿದು ಎದ್ದು, "ನಿಮ್ಮ ಮನೆ ತಂಪಾಗಿರಲಿ," ಎಂದು ಹೇಳಿ ಹೊರಟೇ ಹೋದರು.

ಮರುದಿನ ಬೆಳಿಗ್ಗೆ ಉತ್ಸವದ ಮೇಲ್ವಿಚಾರಕರು ಬಂದರು. ಒಳ್ಳೆಯವರೇ, ಮೆತ್ತಗೆ ಮಾತಾಡುವವರೇ. ಇನ್ನು ಅಳಿಯ ಮತರ್ ಸುರಿಯಲಿ, ನೀವು ಒಲೆಯ ಪಕ್ಕ ಹಾಯಾಗಿ ಕೂತಿರಿ, ಜನ ನಿಮ್ಮ ಜೊತೆ ಚಿತ್ರ ತೆಗೆಸಿಕೊಳ್ಳುತ್ತಾರೆ ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಮತರ್ ಪಟ್ಟಣದಲ್ಲಿ ಟೈರ್ ಅಂಗಡಿ ನಡೆಸುವ, ನಲವತ್ತು ದಾಟಿದ ದಢೂತಿ ಮನುಷ್ಯ. ಮಾವನ ಕೈಯಿಂದ ದಲ್ಲಾ ಇಸಿದುಕೊಳ್ಳುವಾಗ ಅವನ ಮುಖವೂ ಬಾಡಿತ್ತು.

"ಬಲವಂತಕ್ಕೆ ಹಿಡಿದಿದ್ದೀನಿ, ಮಾವ. ಟೈರ್ ಎತ್ತೋ ಕೈ ಇದು, ಫಿಂಜಾನ್ ಒಡೆದರೆ ಬೈಬೇಡಿ."

"ಒಡೆದರೆ ಇನ್ನೊಂದು ಸಿಗುತ್ತೆ, ಬಿಡು. ತುಂಬಬೇಡ, ಅಷ್ಟು ಸಾಕು," ಎಂದರು ಸಲ್ಮೀನ್.

ಎರಡು ದಿನ ಅವರು ಚಿತ್ರಗಳಿಗೆ ಮುಖ ಕೊಟ್ಟು ಕುಳಿತರು. ಕೈ ಹೋಯಿತು, ಕೆಲಸ ಹೋಯಿತು ಎಂಬ ದುಃಖಕ್ಕಿಂತ ದೊಡ್ಡದು ಒಳಗೆ ಕೊರೆಯುತ್ತಿತ್ತು. "ನನ್ನ ಒಲೆಯಿಂದ ನೆಂಟ ಎದ್ದು ಹೋದರು. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡ್ತಿರಲಿಲ್ಲ," ಎಂದರು. ಹೋಗಿ ಕೈ ನಡುಗುತ್ತದೆ ಎಂದು ಹೇಳಿಬಿಡಿ, ಮುಗಿಯಿತಲ್ಲ ಎಂದೆ. "ಕಾಯಿಲೆ ತೋರಿಸಿ ಕ್ಷಮೆ ಬೇಡೋದಾ? ಅದು ಭಿಕ್ಷೆ ಕಣಪ್ಪ," ಎಂದು ನನ್ನ ಬಾಯಿ ಮುಚ್ಚಿಸಿದರು.

ನಿನ್ನೆ ಬಿಸಿಲು ಇಳಿದ ಮೇಲೆ ಒಗೆದ ಬಿಳಿ ನಿಲುವಂಗಿ ತೊಟ್ಟು, ತಲೆವಸ್ತ್ರ ಸರಿಪಡಿಸಿಕೊಂಡು, "ಬಾ, ದೊಡ್ಡಿ ಕಡೆ ಹೋಗೋಣ," ಎಂದು ನನ್ನನ್ನು ಎಬ್ಬಿಸಿದರು. ಖಲ್ಫಾನರ ಡೇರೆ ಒಂಟೆಗಳ ದೊಡ್ಡಿಯ ಹಿಂದೆ ಇತ್ತು. ಮುನಿಸಿದ್ದರೂ ಬಂದವರನ್ನು ಕೂರಿಸದೆ ಇರಲಾಗುತ್ತದೆಯೇ? ಕೂರಿಸಿದರು. ಖರ್ಜೂರ ಬಂತು, ಕಾಫಿ ಬಂತು. ಸಲ್ಮೀನ್ ಫಿಂಜಾನನ್ನು ಬಲಗೈಯಲ್ಲಿ ತೆಗೆದುಕೊಂಡು, ತುಟಿಗೆ ತಾಗಿಸದೆ, ತಮ್ಮ ಮುಂದಿನ ಚಾಪೆಯ ಮೇಲೆ ಇಟ್ಟರು.

ಡೇರೆಯಲ್ಲಿದ್ದವರೆಲ್ಲ ಆ ಫಿಂಜಾನ್ ಕಡೆಗೆ ತಿರುಗಿದರು. ನೆಂಟ ಕುಡಿಯದೆ ಫಿಂಜಾನ್ ಕೆಳಗಿಟ್ಟರೆ ಅವನಿಗೆ ಒಂದು ಬೇಡಿಕೆ ಇದೆ ಎಂದರ್ಥ. ಅದು ನಡೆಯುತ್ತದೆ ಎಂದು ಮನೆಯವರು ಮಾತು ಕೊಡುವವರೆಗೆ ಅವನು ಕುಡಿಯುವುದಿಲ್ಲ. ಕುಡಿಯದೆ ಎದ್ದರೆ ಮನೆಯವರಿಗೆ ಆಮೇಲೆ ತಲೆ ಎತ್ತಲಾಗುವುದಿಲ್ಲ. ಹೆಣ್ಣು ಕೇಳುವಾಗ, ಕೊಲೆಯ ಹಗೆಗೆ ರಾಜಿ ಕೇಳುವಾಗ ಹೀಗೆ ಇಡುವುದನ್ನು ಕಂಡಿದ್ದೇನೆ. ಸಲ್ಮೀನ್ ಇಟ್ಟದ್ದನ್ನು ಕಂಡಿರಲಿಲ್ಲ. ಅವರು ತಮ್ಮ ಜೀವಮಾನದಲ್ಲಿ ಯಾರ ಮನೆಯಲ್ಲೂ ಇಟ್ಟಿರಲಿಲ್ಲವಂತೆ.

ಖಲ್ಫಾನ್ ಗಡ್ಡ ನೀವಿಕೊಂಡರು. "ನೀನು ಕೇಳಿದ್ದು ಆಯ್ತು ಅಂದ್ಕೋ. ಕುಡಿ."

"ನಾಳೆ ಬೆಳಿಗ್ಗೆ ನಮ್ಮ ಒಲೆ ಹತ್ತಿರ ಬಂದು ಕಾಫಿ ಕುಡೀಬೇಕು. ಇಷ್ಟೇ. ನಾನು ಸುರಿಯಲ್ಲ, ಹಿರಿಯರೇ. ಅಳಿಯ ಸುರೀತಾನೆ."

"ಇಷ್ಟಕ್ಕೆ ಇಟ್ಟೆಯಾ? ನನ್ನ ಒಂಟೆ ಕೇಳ್ತೀಯ ಅಂತ ಎದೆ ಹೊಡ್ಕೊಳ್ತಾ ಇತ್ತು," ಎಂದರು ಖಲ್ಫಾನ್. ಡೇರೆಯಲ್ಲಿದ್ದವರ ಬಿಗುವು ತುಸು ಸಡಿಲವಾಯಿತು. ಸಲ್ಮೀನ್ ಫಿಂಜಾನ್ ಎತ್ತಿದರು. ಎತ್ತುವಾಗ ಎಡಗೈ ಮಡಿಲಲ್ಲಿ ತಾನಾಗಿ ನಡುಗುತ್ತಿತ್ತು. ಖಲ್ಫಾನ್ ಆ ಕೈಯನ್ನೇ ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಈಗ ಬಿಸಿಲು ಗುಡಿಸಲಿನ ಗರಿಗಳ ನಡುವೆ ಇಳಿಯುತ್ತಿದೆ. ಸಲ್ಮೀನ್ ಹುರಿದ ಬೀಜವನ್ನು ಕುಟ್ಟಾಣಿಗೆ ಸುರಿದು ಕುಟ್ಟುತ್ತಿದ್ದಾರೆ. ನಡುವೆ ಒಮ್ಮೊಮ್ಮೆ ಅಂಚಿಗೆ ತಟ್ಟಿದಾಗ ಹಿತ್ತಾಳೆ ಗಂಟೆಯಂತೆ ಮೊಳಗುತ್ತದೆ. ಇವತ್ತು ಬೇಕಾದದ್ದಕ್ಕಿಂತ ಜೋರಾಗಿಯೇ ಮೊಳಗುತ್ತಿದೆ. "ಮಾವ, ದೊಡ್ಡಿವರೆಗೂ ಕೇಳಿಸ್ತು, ಬಿಡಿ," ಎನ್ನುತ್ತಾನೆ ಮತರ್. ಅವನ ಮಾತು ಮುಗಿಯುವಷ್ಟರಲ್ಲಿ ದಾರಿಯಲ್ಲಿ ಊರುಗೋಲು ಕಾಣುತ್ತದೆ.

ಖಲ್ಫಾನ್ ಬಂದು ಕೂರುತ್ತಾರೆ. ಮತರ್ ಅಳತೆ ತಪ್ಪದಂತೆ ಸುರಿದು, ಬಾಗಿ ಚಾಚುತ್ತಾನೆ. ಖಲ್ಫಾನ್ ತೆಗೆದುಕೊಳ್ಳುವುದಿಲ್ಲ.

"ಮಗಾ, ನೀನು ಕುಡಿ ಇದನ್ನ. ಇಷ್ಟು ದೂರ ಕೋಲೂರಿಕೊಂಡು ಬಂದಿದ್ದು ಅಳಿಯನ ಕಾಫಿಗಲ್ಲ."

ಮತರ್‌ಗೆ ಬೇಕಾದದ್ದೂ ಅದೇ. ದಲ್ಲಾ ಮಾವನ ಕೈಗೆ ಹೋಗುತ್ತದೆ. ಸಲ್ಮೀನ್ ಎದ್ದು ನಿಲ್ಲುತ್ತಾರೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುತ್ತಾರೆ. ಕೈ ನಡುಗುತ್ತದೆ, ಕೊಕ್ಕು ಫಿಂಜಾನಿನ ಅಂಚಿಗೆ ಟಕಟಕ ಬಡಿಯುತ್ತದೆ. ಅರ್ಧಕ್ಕಿಂತ ಹೆಚ್ಚೇ ಬೀಳುತ್ತದೆ. ಖಲ್ಫಾನ್ ಅದನ್ನು ಎರಡು ಗುಟುಕಿನಲ್ಲಿ ಕುಡಿದು, ಅಲ್ಲಾಡಿಸದೆ ಹಿಂದಕ್ಕೆ ಕೊಡುತ್ತಾರೆ. ಎರಡನೆಯದು, ಮೂರನೆಯದು. ಸಭ್ಯರು ನಿಲ್ಲಿಸುವ ಜಾಗ ದಾಟಿಹೋಗುತ್ತದೆ. ಒಂದು ಸಲ ಫಿಂಜಾನ್ ಅಂಚಿನವರೆಗೂ ತುಂಬುತ್ತದೆ. ಸಲ್ಮೀನ್ ಕೈ ಹಿಂದಕ್ಕೆಳೆಯುತ್ತಾರೆ.

"ಕೊಡು ಇಲ್ಲಿ," ಎನ್ನುತ್ತಾರೆ ಖಲ್ಫಾನ್. "ನಿನ್ನ ಕೈಗೆ ನಿಲ್ಲೋಕೆ ಬರಲ್ಲ, ನನ್ನ ಕೈಗೆ ಅಲ್ಲಾಡೋಕೆ ಬರಲ್ಲ. ಇಬ್ಬರಿಗೂ ಸರಿಹೋಯ್ತು. ಸುರೀತಾ ಇರು."

ಗುಡಿಸಲು ನಗುತ್ತದೆ. ಸಲ್ಮೀನ್ ನಗುವುದಿಲ್ಲ. ತಲೆವಸ್ತ್ರದ ತುದಿಯಿಂದ ಕಣ್ಣು ಒತ್ತಿಕೊಂಡು, ಹೊಗೆ ಜಾಸ್ತಿಯಾಯಿತು ಎನ್ನುತ್ತಾರೆ. ಕೆಂಡದಲ್ಲಿ ಹೊಗೆಯೇ ಇಲ್ಲ.

ಲಾರಿ ಬಂತೆಂದು ಯಾರೋ ಕರೆದಾಗ ಖಲ್ಫಾನ್ ಏಳುತ್ತಾರೆ. ಖಾಲಿ ಫಿಂಜಾನನ್ನು ಅಲ್ಲಾಡಿಸದೆ ಸಲ್ಮೀನರ ಅಂಗೈಯಲ್ಲಿಟ್ಟು, ಮೂಗಿಗೆ ಮೂಗು ತಾಗಿಸಿ ಬೀಳ್ಕೊಂಡು, ದಾರಿ ಹಿಡಿಯುತ್ತಾರೆ. ಮೇಲ್ವಿಚಾರಕರು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಾರೆ. ಮುಂದಿನ ವರ್ಷದ ಬಗ್ಗೆ ಅವರಿನ್ನೂ ಏನೂ ಹೇಳಿಲ್ಲ.

ಬೇರೆ ಫಿಂಜಾನುಗಳನ್ನೆಲ್ಲ ಮತರ್ ತೊಳೆದು ಪೆಟ್ಟಿಗೆಗೆ ಹಾಕುತ್ತಾನೆ. ಆ ಒಂದನ್ನು ಸಲ್ಮೀನ್ ಬಿಟ್ಟುಕೊಡುವುದಿಲ್ಲ. ಪತ್ರಿಕೆಗೆ ಏನೆಂದು ಬರೆಯಲಿ, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಅವರು ಇನ್ನೂ ಸಾಕು ಅಂದಿಲ್ಲ," ಎನ್ನುತ್ತಾರೆ, ನಡುಗುವ ಕೈಯಲ್ಲಿ ಫಿಂಜಾನನ್ನು ಹಿಡಿದುಕೊಂಡೇ. "ಮುಂದಿನ ವರ್ಷ ಬಂದು ಅಂತಾರೆ. ಸುರಿಯೋಕೆ ನಾನಿರಬೇಕು. ಇಷ್ಟು ಬರಿ."