ಅರ್ಧ ಬೆಳಗಿದ ಪಾತ್ರೆ

ಅಮೆರಿಕದ ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಕಪ್ಪು ಅಮೆರಿಕನ್ ಹೆಂಗಸು ಶಿಲ್ಪ ಮಾಡಿ, ಅದನ್ನೇ ಮೈಮೇಲೆ ಹೊತ್ತು ಕುಣಿಯುವ ಕಲಾವಿದೆ. ಹಳೆಯ ಇಸ್ತ್ರಿಪೆಟ್ಟಿಗೆ, ಕುರ್ಚಿಯ ಕಾಲು, ಬಾಣಲೆ, ಏನು ಸಿಕ್ಕರೂ ತಂತಿಯಲ್ಲಿ ಬಿಗಿದು ತೊಡುತ್ತಿದ್ದಳು. ಮೊದಲ ಸಲ ನೋಡಿದಾಗ, ಸುಳ್ಳೇಕೆ ಹೇಳಲಿ, ಇದೆಂಥ ಹುಚ್ಚಾಟ ಅಂದುಕೊಂಡಿದ್ದೆ. ಆಮೇಲೆ ಅವಳಿಗೆ ನನ್ನ ಹೊಲಿಗೆ ಮೆಷಿನ್ ಬೇಕಾಯಿತು. ಅವನ್ನೆಲ್ಲ ಮೈಗೆ ಕಟ್ಟಿಕೊಳ್ಳಲು ಬಟ್ಟೆಯ ಪಟ್ಟಿ ಹೊಲಿದು ಕೊಡುತ್ತಾ ಕೊಡುತ್ತಾ ಸ್ನೇಹವಾಯಿತು.

ಒಂದು ವರ್ಷ ದೀಪಾವಳಿ ಹತ್ತಿರ ಬಂದಾಗ ಅವಳು ಒಂದು ತಾಮ್ರದ ಪಾತ್ರೆ ತಂದಿಟ್ಟಳು. ತೀರಿಹೋದ ಅಜ್ಜಿಯದು. ಶನಿವಾರದ ಪ್ರದರ್ಶನದಲ್ಲಿ ಅದನ್ನು ಬೆನ್ನಿಗೆ ಕಟ್ಟಿಕೊಂಡು ಕುಣಿಯಬೇಕು, ಗಟ್ಟಿಯಾದ ಪಟ್ಟಿ ಬೇಕು ಅಂದಳು. ಪಾತ್ರೆಯ ಮೈತುಂಬ ಮಸಿ.

ಪಟ್ಟಿ ಹೊಲಿದು ಸುಮ್ಮನಿರಬೇಕಿತ್ತು. ನನ್ನ ಕೈ ಸುಮ್ಮನಿರುವಂಥದ್ದಲ್ಲ. ನೀರು ತುಂಬುವ ಹಬ್ಬಕ್ಕೆಂದು ನಮ್ಮ ಕೊಡ, ದೀಪ ಎಲ್ಲ ಸಿಂಕಿನಲ್ಲಿ ಬೆಳಗುತ್ತಿದ್ದೆ. ಹಬ್ಬದ ದಿನ ಪಾಪ ಆ ಅಜ್ಜಿಯ ಪಾತ್ರೆಯೊಂದೇ ಕೊಳೆಯಾಗಿ ಕೂರಬೇಕೇ ಅಂತ ಅದನ್ನೂ ಎಳೆದುಕೊಂಡೆ. ಹುಣಸೆಹಣ್ಣು, ಉಪ್ಪು ಹಾಕಿ ರಟ್ಟೆ ಬಿದ್ದುಹೋಗುವಂತೆ ತಿಕ್ಕಿದೆ. ಅರ್ಧ ಭಾಗ ಕೆಂಪಗೆ ಹೊಳೆಯುವ ಹೊತ್ತಿಗೆ ಅವಳೇ ಬಾಗಿಲು ತಟ್ಟಿ ಒಳಗೆ ಬಂದಳು.

ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ಅದು ಅಜ್ಜಿ ಒಲೆಯ ಮಸಿ. ಅವಳದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ," ಎಂದಳು, ತನ್ನ ಇಂಗ್ಲಿಷಿನಲ್ಲಿ.

ಪಾತ್ರೆ ತೊಳೆದು ಅವಳ ಮುಂದಿಟ್ಟೆ. ಅವಳು ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಳು.

"ಒಂದು ಮಾತು ಕೇಳಿ ಮಾಡಬಾರದಿತ್ತಾ?" ಅಂದರು ನಮ್ಮ ಯಜಮಾನರು.

"ನಾನು ತಿಕ್ಕುವಾಗ ಅಲ್ಲೇ ಕಾಫಿ ಕುಡೀತಾ ಕೂತಿದ್ರಲ್ಲ, ಆಗ ಹೇಳೋಕೇನಾಗಿತ್ತು?" ಅಂತ ಅವರ ಮೇಲೇ ಹರಿಹಾಯ್ದೆ. ಆಮೇಲೆ ಬಚ್ಚಲುಮನೆಗೆ ಹೋಗಿ ಅತ್ತೆ.

ಶನಿವಾರ ಸಿಯಾಟಲ್‌ನ ಒಂದು ಹಳೆಯ ಗೋದಾಮಿನಲ್ಲಿ ಪ್ರದರ್ಶನ. ಹೋಗಲು ಮುಖವಿರಲಿಲ್ಲ, ಹೋಗದಿರಲೂ ಆಗಲಿಲ್ಲ. ಕೊನೆಯ ಸಾಲಿನಲ್ಲಿ ಕೂತೆ. ಅವಳು ಬಂದಳು. ತೋಳಿಗೆ ಕುರ್ಚಿಯ ಕಾಲುಗಳು, ಬೆನ್ನ ಮೇಲೆ ಪಾತ್ರೆ. ಮಸಿಯ ಬದಿಯೇ ನಮಗೆ ಕಾಣುವಂತೆ ಕಟ್ಟಿಕೊಂಡಿದ್ದಳು. ಸಂಗೀತವಿಲ್ಲ, ಕುರ್ಚಿಯ ಕಾಲು ಪಾತ್ರೆಗೆ ತಾಗುವ ಸದ್ದು ಮಾತ್ರ. ಬಗ್ಗಿದಳು, ಎದ್ದಳು, ನೆಲ ಒರೆಸಿದಳು, ಮತ್ತೆ ಬಗ್ಗಿದಳು. ಆ ಸೊಂಟದ ನೋವು ನನಗೇ ಬಂದಂತಾಯಿತು. ನನ್ನ ತಪ್ಪನ್ನು ಮುಚ್ಚಿಟ್ಟಳಲ್ಲ ಎಂದು ಸಮಾಧಾನವೂ ಆಯಿತು.

ಕೊನೆಗೆ ಪಟ್ಟಿ ಬಿಚ್ಚಿದಳು. ಕಾಲು ಚಾಚಿ ಕೂತು, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಹೊಳೆಯುವ ಬದಿಯನ್ನು ನಮ್ಮತ್ತ ತಿರುಗಿಸಿದಳು. ಹಾಗೇ ಬಹಳ ಹೊತ್ತು ಕೂತಿದ್ದಳು.

ಎಲ್ಲ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದಳು.

"ಅಜ್ಜಿ ಜೀವಮಾನವೆಲ್ಲ ಬೇರೆಯವರ ಮನೆ ಪಾತ್ರೆ ತಿಕ್ಕಿದ್ಳು. ಮನೆಗೆ ಬಂದು ತನ್ನದನ್ನ ತಿಕ್ಕೋಕೆ ಕೈಲಿ ಶಕ್ತಿನೇ ಇರ್ತಿರಲಿಲ್ಲ. ಅವಳ ಪಾತ್ರೆನ ತಿಕ್ಕಿಕೊಟ್ಟಿದ್ದು ನೀನೊಬ್ಬಳೇ."

ನನ್ನ ಎರಡೂ ಕೈ ಹಿಡಿದುಕೊಂಡಳು.

"ಉಳಿದರ್ಧ ಮಾತ್ರ ಮುಟ್ಟೀಯೆ, ಜೋಕೆ," ಎಂದಳು.