ಅಕ್ಕನ ಡಿಸ್ಪ್ಯಾಚ್ ಮೇಜು

ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ದೀರ್ಘ ರಜೆ ಹಾಕಿ ಕೀಬೋರ್ಡಿನ ಮುಂದೆ ಕುಳಿತಳು. ಕೋಪರಿಯ ನಮ್ಮ ಮನೆಯಲ್ಲಿ ಆಗೆಲ್ಲ ಒಂದು ಯಂತ್ರದ ದನಿ ಮಾತಾಡುತ್ತಿತ್ತು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಮೌಸ್ ಬೇಡ, ಕೀಲಿಗಳೇ ಸಾಕು. ಮೊದಮೊದಲು ನಿಧಾನವಾಗಿ ಕೇಳುತ್ತಿದ್ದವಳು ಬರಬರುತ್ತ ವೇಗ ಹೆಚ್ಚಿಸಿಕೊಂಡಳು. ಕೊನೆಗೆ ನನಗೆ ಅದು ಬಾಣಲೆಯಲ್ಲಿ ಎಳ್ಳು ಸಿಡಿದ ಸದ್ದು, ಅವಳಿಗೆ ಪೂರಾ ವಾಕ್ಯ.

ವಾಗ್ಳೆ ಎಸ್ಟೇಟಿನ ಪಂಪ್ ಕಾರ್ಖಾನೆಯಲ್ಲಿ ಅವಳದು ಡಿಸ್ಪ್ಯಾಚ್ ಮೇಜು. ಯಾವ ಗಾಡಿ ಏನು ಹೊತ್ತು ಎಲ್ಲಿಗೆ ಹೊರಡಬೇಕೆಂಬುದು ಅಲ್ಲಿ ನಿಶ್ಚಯವಾಗುತ್ತದೆ. ಮರಳಿ ಹೋದವಳಿಗೆ ಮಂಗಳೂರು ಕಡೆಯ ಮ್ಯಾನೇಜರು ಮೆತ್ತಗೆ ಹೇಳಿದರು: "ಮೇಡಂ, ನೀವಿನ್ನು ಫೋನಿನ ಹತ್ರ ಕೂತ್ಕೊಳ್ಳಿ. ಆರಾಮ ಉಂಟು."

"ಆರಾಮ ಮನ್ಯಾಗ ಐತ್ರಿ. ಒಂದು ಮುಂಜಾನಿ ನನ್ನ ಮೇಜು ನನಗ ಬಿಟ್ಟು ನೋಡ್ರಿ."

ಒಪ್ಪಿದರು. ಆ ಮುಂಜಾನೆ ಕೆಲಸ ಕೆಟ್ಟರೆ ಮೇಜು ಬೇರೆಯವರಿಗೆ, ಅವಳಿಗೆ ಫೋನು.

ಪತ್ರಿಕೆಯ ಕಚೇರಿಗೆ ತಡವಾಗಿ ಬರುವೆನೆಂದು ತಿಳಿಸಿ ನಾನೂ ಜೊತೆಗೆ ಹೋದೆ. "ಅಲ್ಲಿ ನೀ ಬಾಯಿ ಬಿಡಬ್ಯಾಡ ನೋಡು ತಮ್ಮಾ" ಎಂದು ರಿಕ್ಷಾದಲ್ಲೇ ತಾಕೀತಾಗಿತ್ತು.

ಅವಳು ಒಂದು ಕಿವಿಗೆ ಇಯರ್‌ಫೋನ್ ಇಟ್ಟಳು, ಇನ್ನೊಂದನ್ನು ಆಫೀಸಿಗೆ ಬಿಟ್ಟಳು. ಮಾನಿಟರ್ ಹಚ್ಚಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಂದ ಮ್ಯಾನೇಜರು ಕಪ್ಪು ಪರದೆ ನೋಡಿ, "ಎಂತ ಮಾರಾಯ್ರೆ, ಕಂಪ್ಯೂಟರೇ ಶುರುವಾಗ್ಲಿಲ್ವಾ?" ಎನ್ನುತ್ತ ಸ್ವಿಚ್‌ಬೋರ್ಡಿಗೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ ಸರ್, ಕೆಲಸ ನಡದೈತಿ. ನನಗ ಪರದಿ ಯಾಕ ಬೇಕ್ರಿ?"

ಅಷ್ಟರಲ್ಲಿ ಅವರ ಜೇಬಿನ ಫೋನ್ ಸದ್ದು ಮಾಡಿತು. ಕಲ್ಯಾಣದ ಗಾಡಿಯ ವಿವರ, ಅಕ್ಕ ಕಳಿಸಿದ್ದು. ನಿಂತಲ್ಲೇ ಓದಿದರು, ಮತ್ತೊಮ್ಮೆ ಓದಿದರು. ತಪ್ಪಿರಲಿಲ್ಲ.

ಮುಂದಿನದು ಬದಲಾಪುರದ ಗಾಡಿ. ಅದಕ್ಕೆ ಮಾಲು ತುಂಬುವ ಡೊಂಬಿವಲಿಯ ಗೋದಾಮಿನವರದು ಮಾಲಿನ ಪಟ್ಟಿಯ ಕಾಗದವನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಮೇಲ್ ಮಾಡುವ ರೂಢಿ. ತಂತ್ರಾಂಶ ಅದನ್ನು ಚಿತ್ರವೆಂದಷ್ಟೇ ಹೇಳಿ ಸುಮ್ಮನಾಯಿತು. "ಫೋಟೊ ಕಳಸ್ಯಾರ" ಎಂದಳು ಅಕ್ಕ. ಮ್ಯಾನೇಜರು ನನ್ನತ್ತ ನೋಡಿದರು. ಮುಖದಲ್ಲಿ ಕನಿಕರವಿತ್ತು. ನಾನು ಓದಿ ಹೇಳಬಹುದಿತ್ತು, ಹೇಳಲಿಲ್ಲ.

ಅವಳು ಸ್ಪೀಕರ್ ಹಾಕಿ ಗೋದಾಮಿಗೆ ಫೋನ್ ಹಚ್ಚಿ, ಟೈಪ್ ಮಾಡಿ ಕಳಿಸಲು ಹೇಳಿದಳು. ಅಷ್ಟು ಪುರುಸೊತ್ತಿಲ್ಲ ಎಂದು ಆ ಕಡೆಯವನು ಹಿಂದಿಯಲ್ಲಿ ಗೊಣಗಿದ.

"ತೋ ಗಾಡಿ ನಹೀ ಛೂಟೇಗಿ, ಭಾವು."

ಹಾಗಾದರೆ ಗಾಡಿ ಹೊರಡುವುದಿಲ್ಲ ಅಣ್ಣಾ, ಎಂದಳು ಅಕ್ಕ. ಗಾಡಿ ಬಿಡುವ ಅಧಿಕಾರ ಅವಳ ಮೇಜಿನದು. ಅವನು ಮಾಲಿನ ಮುಂದೆ ನಿಂತು ಎಣಿಸುತ್ತ ಟೈಪ್ ಮಾಡಲೇಬೇಕಾಯಿತು. ಕೊಂಚ ಹೊತ್ತಿಗೆ ಅವನದೇ ಫೋನ್ ಬಂತು. ಈಗ ದನಿ ತಗ್ಗಿತ್ತು. ಫೋಟೊ ಹಳೆಯ ಕಾಗದದ್ದು, ಅದರಲ್ಲಿದ್ದ ದೊಡ್ಡ ಪಂಪುಗಳು ಆಗಲೇ ಬೇರೆ ಗಾಡಿಯಲ್ಲಿ ಹೊರಟುಹೋಗಿವೆ ಎಂದ. ಫೋಟೊ ನಂಬಿದ್ದರೆ ಬದಲಾಪುರದ ಗಿರಾಕಿಯ ಬಾಗಿಲಿಗೆ ಅರೆಖಾಲಿ ಗಾಡಿ ಹೋಗುತ್ತಿತ್ತು.

ಮ್ಯಾನೇಜರು ಕುರ್ಚಿ ಎಳೆದು ಕುಳಿತರು. "ಹೋದ ತಿಂಗಳೂ ಹೀಗೇ ಆಯ್ತು. ಇನ್ನು ಫೋಟೊ ಬಂದ್. ಎಲ್ಲರಿಗೂ ನಾನೇ ಹೇಳ್ತೇನೆ."

"ಫೋನಿನ ಕೆಲಸ, ಸರ್?"

"ಅದಕ್ಕೆ ಬೇರೆ ಯಾರನ್ನಾದ್ರೂ ನೋಡುವ ಮೇಡಂ. ನೀವು ಇಲ್ಲೇ ಇರಿ."

ಅಕ್ಕನ ಬೆರಳುಗಳು ಆಗಲೇ ಕೀಲಿಗಳ ಮೇಲಿದ್ದವು. ನನ್ನ ಕಡೆ ತಿರುಗದೆಯೇ ಹೇಳಿದಳು: "ಇನ್ನೂ ಕುಂತೀಯೇನೋ? ನಿನ್ನ ಆಫೀಸಿಗೆ ನಡಿ. ಇಲ್ಲಿ ಜಾಗಾ ಇಕ್ಕಟ್ಟು."