ಜಗಲಿ ಇಲ್ಲದ ಬೀದಿ

ಆಗಿನ್ನೂ ನಮ್ಮ ಬಡಾವಣೆಗೆ ಹೆಸರಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ‘ಹೊಸ ಮನೆಗಳ ಕಡೆ’ ಅಂದರೆ ಸಾಕು, ಜಟಕಾದವನು ತಂದು ಬಿಡುತ್ತಿದ್ದ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಳ್ಳೇಗಾಲ ಊರು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವ ಜಾಗದಲ್ಲಿ ಹತ್ತು ಹದಿನೈದು ಮನೆಗಳು ಎದ್ದಿದ್ದವು. ನಡುನಡುವೆ ಖಾಲಿ ಸೈಟು, ಸೈಟಿನ ತುಂಬ ತುಂಬೆ ಗಿಡ. ಪೇಟೆ ಕಡೆಯಿಂದ ಗಾಳಿ ಬೀಸಿದರೆ ರೇಷ್ಮೆಗೂಡು ಬೇಯಿಸುವ ವಾಸನೆ ಮನೆಯೊಳಗೇ ಬಂದು ಕೂರುತ್ತಿತ್ತು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಹಳ್ಳಿ ಧನಗೆರೆಯ ಮನೆ ಬಿಟ್ಟು ಇಲ್ಲಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಹೊಸ ಮನೆಯಲ್ಲಿ ಕೆಂಪು ಗಾರೆಯ ನೆಲವಿತ್ತು, ಸ್ವಿಚ್ಚು ಒತ್ತಿದರೆ ಉರಿಯುವ ದೀಪವಿತ್ತು, ಸುತ್ತ ಕಾಂಪೌಂಡ್ ಇತ್ತು, ಅದಕ್ಕೊಂದು ಕಬ್ಬಿಣದ ಗೇಟಿತ್ತು. ಜಗಲಿ ಮಾತ್ರ ಇರಲಿಲ್ಲ. ಆ ಬೀದಿಯ ಯಾವ ಮನೆಗೂ ಇರಲಿಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು ತಮ್ಮ ತಮ್ಮ ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದೆವು. ಎದುರು ಮನೆಯ ಓವರ್ಸೀಯರ ಮಗ ರವಿ ಅವರ ಗೇಟಿನಲ್ಲಿ, ನಾನು ನಮ್ಮ ಗೇಟಿನಲ್ಲಿ. ಅವರು ಮೈಸೂರಿನಿಂದ ವರ್ಗವಾಗಿ ಬಂದವರು. ಎರಡು ತಿಂಗಳಲ್ಲಿ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅವರೆಕಾಯಿ ಕಾಲಕ್ಕೆ ಅಪ್ಪನ ತಾಯಿ, ನಮ್ಮಜ್ಜಿ ಪುಟ್ಟಮಾದಮ್ಮ, ಒಂದು ಮೂಟೆ ಸೊಗಡಿನ ಕಾಯಿಯ ಜೊತೆ ಬಸ್ಸಿನಿಂದ ಇಳಿದಳು. ಮೊದಲ ಸಂಜೆಯೇ ಗೇಟಿನ ತನಕ ಹೋಗಿ ಅತ್ತ ಇತ್ತ ನೋಡಿ ಬಂದು ಅಪ್ಪನನ್ನು ಕೇಳಿದಳು.

“ಇದೇನ್ಲಾ ಮಗ, ಇಷ್ಟೊಂದು ಮನೆ ಅವೆ, ಒಂದು ಕೂಸಿನ ಸದ್ದಿಲ್ಲ?”

“ಇಲ್ಲಿ ಯಾರೂ ಬೀದೀಲಿ ಆಡಲ್ಲ ಕಣವ್ವ. ಎಲ್ಲಾ ನೌಕರಿಯವರು.”

“ನೌಕ್ರಿ ಅಪ್ಪದೀರ್ಗಲ್ವಾ? ಮಕ್ಳಿಗೂ ಸಿಕ್ಬುಟ್ಟದಾ?”

ಮರುದಿನ ಮನೆ ಕಟ್ಟಿ ಉಳಿದಿದ್ದ ಚಪ್ಪಡಿ ಕಲ್ಲೊಂದನ್ನು ಅಪ್ಪನ ಕೈಲೇ ಗೇಟಿನಾಚೆ ಎರಡು ಗುಂಡುಕಲ್ಲಿನ ಮೇಲೆ ಹಾಕಿಸಿದಳು. ಸಂಜೆ ನಾಲ್ಕೂವರೆಗೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಅದರ ಮೇಲೆ ಕೂತಳು. ಅಮ್ಮನಿಗೆ ನಾಚಿಕೆ. “ಓವರ್ಸೀಯರ ಮನೆಯವರು ಏನಂದ್ಕೋತಾರೋ” ಎಂದು ಒಳಗೇ ಗೊಣಗಿದಳು. ಅಜ್ಜಿ ಮಾತ್ರ ಎದುರು ಗೇಟಿನ ಕಡೆ ಕೈ ಬೀಸಿ, “ಬಾರ್ಲಾ ಮಗ, ಕಾಯಿ ಸುಲಿಯಕ್ಕೆ ಬತ್ತದಾ ನಿಂಗೆ?” ಅಂದಳು. ರವಿ ತಿರುಗಿ, ಬಾಗಿಲಲ್ಲಿ ನಿಂತಿದ್ದ ಅವನಮ್ಮನ ಮುಖ ನೋಡಿದ. ಆಕೆ ಸುಲೋಚನಮ್ಮ, ಯಾರ ಮನೆಗೂ ಹೋಗದ, ಯಾರನ್ನೂ ಕರೆಯದ ಹೆಂಗಸು. ಏನನ್ನಿಸಿತೋ, ಗೇಟಿನ ಚಿಲಕ ತೆಗೆದರು.

ಕಾಯಿ ಸುಲಿದದ್ದು ಅರ್ಧ ಮೊರ ಅಷ್ಟೆ. ಆಮೇಲೆ ನಾನು ಮಣ್ಣಿನಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿದೆ, ರವಿ ಹೆಂಚಿನ ಚೂರು ಹುಡುಕಿ ತಂದ. ಮೂರನೇ ದಿನ ಕೊನೇ ಮನೆಯ ಅವಳಿ ಹುಡುಗಿಯರು ಬಂದರು. ವಾರದಲ್ಲಿ ಹತ್ತು ಜನ ಆದೆವು, ಪಕ್ಕದ ಖಾಲಿ ಸೈಟಿನಲ್ಲಿ ಲಗೋರಿ ಶುರುವಾಯಿತು. ತುಂಬೆ ಗಿಡ ನಮ್ಮ ಕಾಲಿಗೆ ಸಿಕ್ಕಿ ನೆಲ ಬೋಳಾಯಿತು. ಬಿದ್ದು ತರಚಿದ ಮಂಡಿಗೆ ಅಜ್ಜಿ ತುಂಬೆ ಸೊಪ್ಪನ್ನೇ ಅರೆದು ಹಿಂಡುತ್ತಿದ್ದಳು. ಅಳುವವರಿಗೆ ಸೆರಗಿನಿಂದ ಹುರಿದ ಕಾಳು ತೆಗೆದು ಕೊಡುತ್ತಿದ್ದಳು. ಜಗಳಕ್ಕೆ ತೀರ್ಪನ್ನೂ ಅವಳೇ ಕೊಡುತ್ತಿದ್ದಳು. ಯಾರ ಮಗು ಅಂತ ನೋಡದೆ ಗದರುತ್ತಿದ್ದಳು. ತೋಟದ ಬದಿಗೆ ಹೋಗಿ ಹಿಪ್ಪುನೇರಳೆ ಹಣ್ಣು ತಿಂದು ನೇರಳೆ ಬಣ್ಣದ ನಾಲಿಗೆಯೊಂದಿಗೆ ವಾಪಸಾದವರೆಲ್ಲ ಅವಳ ಮುಂದೆ ಬಾಯಿ ತೆರೆದು ತೋರಿಸಬೇಕಿತ್ತು.

ಶಿವರಾತ್ರಿ ಕಳೆದ ಮೇಲೆ ಆ ಸೈಟಿನವರು ಮನೆ ಕಟ್ಟಲು ಪಾಯ ತೋಡಿಸಿದರು. ಆಟದ ಜಾಗ ಹೋಯಿತು, ಹೊಸ ಆಟ ಹುಟ್ಟಿತು. ಪಾಯದ ಕಾಲುವೆಯನ್ನು ಈ ಕಡೆಯಿಂದ ಆ ಕಡೆಗೆ ಹಾರುವುದು. ಅಜ್ಜಿ ಎರಡು ಸಲ ನೋಡಿ ಗದರಿ ಓಡಿಸಿದ್ದಳು. ಒಂದು ಸಂಜೆ ಅವಳು ದೇವರಿಗೆ ದೀಪ ಹಚ್ಚಲು ಒಳಗೆ ಹೋದಳು. ನಾನು ಮೊದಲು ಹಾರಿದೆ, ನನ್ನ ಕಾಲು ಉದ್ದ. ರವಿ ಅಂಚಿನಲ್ಲಿ ನಿಂತು ಹಿಂದೆ ಸರಿದ.

“ಮೈಸೂರಿನ ಕಾಲು ಇಷ್ಟೇ ಅನ್ನು” ಅಂದೆ.

ಅವನ ಮುಖ ಕೆಂಪಾಯಿತು. ಓಡಿ ಬಂದು ಹಾರಿದ. ಈ ಕಡೆಯ ಮಣ್ಣು ಕುಸಿದು, ಮೈಭಾರವೆಲ್ಲ ಕೈ ಮೇಲೆ ಬಿದ್ದು ಒಳಗೆ ಉರುಳಿದ. ಒಣಕಡ್ಡಿ ಮುರಿದಂಥ ಒಂದು ಸದ್ದು ಕೇಳಿಸಿತು. ಅಷ್ಟೇ ನನಗೆ ನೆನಪಿರುವುದು.

ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಸುಲೋಚನಮ್ಮ ನಮ್ಮ ಗೇಟಿನ ಹತ್ತಿರ ಬಂದರು. ಕೂಗಾಡಲಿಲ್ಲ. “ನೀವು ನೋಡ್ಕೋತೀರಿ ಅಂತ ನಂಬಿ ಮಗನ್ನ ಆಚೆ ಬಿಟ್ಟೆ” ಎಂದು ಅಜ್ಜಿಗೆ ಹೇಳಿ ಹೋದರು. ಮರುದಿನದಿಂದ ಎಲ್ಲ ಗೇಟುಗಳಿಗೂ ಚಿಲಕ ಬಿತ್ತು. ಮಕ್ಕಳು ಮತ್ತೆ ಕಂಬಿ ಹಿಡಿದು ನಿಂತರು. ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ ಹೇಳಿದರು: “ಅವ್ವ, ಇದು ಧನಗೆರೆ ಅಲ್ಲ. ಇನ್ನು ಆಚೆ ಕೂರೋದು ಬೇಡ.”

“ಆಯ್ತು ಕಣಪ್ಪ” ಅಂದಳು ಅಜ್ಜಿ. ಅವಳು ಅಷ್ಟು ಬೇಗ ಒಪ್ಪಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತನ್ನ ಎರಡು ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಭಾನುವಾರ ಊರಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ನಾನು ರವಿಗೆ ಏನಂದಿದ್ದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಅಜ್ಜಿ ಒಂದು ಡಬ್ಬಿಗೆ ರಾಗಿ ಹುರಿಹಿಟ್ಟು ತುಂಬಿ, “ಬಾ ಗಿರಿಜ, ಆ ಕೂಸ್ನ ಮಾತಾಡಿಸ್ಕಂಡು ಬರಾನ” ಅಂದಳು. ಡಬ್ಬಿ ಹಿಡಿದು ಅವಳ ಹಿಂದೆ ಹೋದೆ. ಸುಲೋಚನಮ್ಮ ಕುರ್ಚಿ ತೋರಿಸಿದರು, ಅಜ್ಜಿ ನೆಲದ ಮೇಲೆ ಕೂತಳು. ರವಿ ಮೂಲೆಯಲ್ಲಿ ಎಡಗೈಯಿಂದ ಏನೋ ಗೀಚುತ್ತಿದ್ದ.

“ತಪ್ಪು ನಂದು ಕಣವ್ವ” ಅಂದಳು ಅಜ್ಜಿ. “ದೀಪ ಅರ್ಧ ಗಂಟೆ ತಡವಾಗಿ ಅಚ್ಚಿದ್ರೆ ದ್ಯಾವ್ರೇನೂ ಮುನಿಸ್ಕತ್ತಿರ್ನಿಲ್ಲ. ಮಕ್ಳನ್ನ ಬುಟ್ಟು ಎದ್ದೋದೆ. ನಾಳೆ ಊರಿಗೆ ಓಯ್ತೀನಿ. ನನ್ನ ಮ್ಯಾಲಿನ ಕ್ವಾಪಕ್ಕೆ ಮಕ್ಳ ಕಟ್ಟಾಕ್ಬ್ಯಾಡಿ.”

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. “ಅಜ್ಜಿ ತಪ್ಪಲ್ಲ. ನಾನೇ ಅವನನ್ನ ಕೆಣಕಿದ್ದು. ಮೈಸೂರಿನ ಕಾಲು ಇಷ್ಟೇ ಅಂದೆ, ಅದಕ್ಕೇ ಅವನು ಹಾರಿದ” ಎಂದು ಒಂದೇ ಉಸಿರಿಗೆ ಹೇಳಿ ಅತ್ತೆ.

ಸುಲೋಚನಮ್ಮ ಮಗನ ಕಡೆ ತಿರುಗಿದರು. “ಇವಳು ಹಾಗೆ ಕೆಣಕಿದಳು ಅಂತ ನೀನು ಯಾಕೆ ಹೇಳಲಿಲ್ಲ?”

ರವಿ ಗೀಚುವುದನ್ನು ನಿಲ್ಲಿಸಲಿಲ್ಲ. “ಹೇಳಿದ್ರೆ ನೀವು ಇವಳ ಜೊತೆ ಆಡೋಕೆ ಬಿಡ್ತಿರಲಿಲ್ಲ.”

ಸುಲೋಚನಮ್ಮ ಎದ್ದು ಒಳಗೆ ಹೋದರು. ಬೈಯಲು ಮಾತು ಹುಡುಕುತ್ತಿದ್ದಾರೆ ಅಂದುಕೊಂಡೆ. ಎರಡು ಲೋಟ ಕಾಫಿ ತಂದು, ಒಂದನ್ನು ಅಜ್ಜಿಯ ಮುಂದಿಟ್ಟು, ಇನ್ನೊಂದನ್ನು ಹಿಡಿದು ತಾವೂ ನೆಲದ ಮೇಲೆ ಕೂತರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ನಾವು ಹೊರಡುವಾಗ ಮಾತ್ರ ಅಜ್ಜಿಯ ಹತ್ತಿರ, “ನಾಳೆಯೇ ಹೋಗ್ಬೇಕಾ?” ಅಂದರು.

ಬೀದಿ ದಾಟುವಾಗ ಅಜ್ಜಿ ಕೇಳಿದಳು: “ಮೊದ್ಲೇ ಯೋಳ್ಬಾರ್ದಿತ್ತಾ?”

“ಭಯ ಆಯ್ತು.”

“ಊಂ. ನಂಗೂ ಆಯ್ತು, ಆ ಮನೆ ಗೇಟು ತಗಿವಾಗ.”

ಭಾನುವಾರ ಅಜ್ಜಿ ಊರಿಗೆ ಹೋಗಲಿಲ್ಲ. ಅಪ್ಪ ಸೈಟಿನವರೊಡನೆ ಮಾತಾಡಿ ಪಾಯದ ಸುತ್ತ ಜಾಲಿ ಮುಳ್ಳು ಹಾಕಿಸಿದರು. ಅಜ್ಜಿ ಮತ್ತೆ ಕಲ್ಲಿನ ಮೇಲೆ ಕೂತಳು. ಮೂರು ನಾಲ್ಕು ದಿನ ಅವಳೊಬ್ಬಳೇ, ಜೊತೆಗೆ ನಾನು. ಐದನೇ ದಿನ ಸುಲೋಚನಮ್ಮನೇ ಒಂದು ಕುರ್ಚಿ ಹೊತ್ತು ಹೊರಗೆ ಬಂದರು. “ಒಳಗೆ ಕೂತು ಕೂತು ಇವನು ನನ್ನ ತಲೆ ತಿಂತಾನೆ” ಎಂದು ರವಿಯನ್ನು ಮುಂದೆ ತಳ್ಳಿದರು. ಕೈ ಕೊರಳಿಗೆ ಕಟ್ಟಿಕೊಂಡ ಅವನನ್ನು ನಾವು ಔಟು ಹೇಳುವವನನ್ನಾಗಿ ಮಾಡಿದೆವು. ಎಲ್ಲರನ್ನೂ ಔಟ್ ಮಾಡಿದ, ನನ್ನನ್ನು ಎರಡೆರಡು ಸಲ. ಬೇಸಿಗೆ ರಜೆ ಬರುವ ಹೊತ್ತಿಗೆ ಆರೇಳು ಮನೆಯ ಹೆಂಗಸರು ಸಂಜೆ ಬೀದಿಯಲ್ಲಿರುತ್ತಿದ್ದರು. ನಮ್ಮಮ್ಮನೂ ನಾಚಿಕೆ ಬಿಟ್ಟು ಹೂ ಕಟ್ಟುವ ಬುಟ್ಟಿ ಹೊರಗೆ ತಂದಿದ್ದಳು. ಅಜ್ಜಿ ಮತ್ತೆರಡು ವರ್ಷ ನಮ್ಮೊಂದಿಗಿದ್ದು, ಆಮೇಲೆ ತನ್ನ ಇಷ್ಟದಂತೆ ಧನಗೆರೆಗೆ ಹೋದಳು.

ಈಗಲೂ ನಾನು ಅದೇ ಬೀದಿಯಲ್ಲಿದ್ದೇನೆ. ಒಂದೂ ಖಾಲಿ ಸೈಟಿಲ್ಲ, ಹಿಪ್ಪುನೇರಳೆ ತೋಟಗಳ ಜಾಗದಲ್ಲಿ ಇನ್ನೆರಡು ಬಡಾವಣೆಗಳಾಗಿವೆ. ಸಂಜೆ ಐದಕ್ಕೆ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ. ಹೋದದ್ದರಲ್ಲಿ ದೊಡ್ಡದು ಆಟದ ಜಾಗವಲ್ಲ ಎಂದು ನನಗೆ ಅನ್ನಿಸುತ್ತದೆ. ಬೇರೆಯವರ ಮಗುವನ್ನು ಗದರುವ ಸಲಿಗೆ ಹೋಗಿದೆ. ನಾನೂ ಗದರುವುದಿಲ್ಲ, ಅವರಮ್ಮ ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿರುತ್ತೇನೆ.

ಹಾಗಂತ ಬೀದಿ ಸತ್ತಿಲ್ಲ. ಹನೂರಿನ ಕಡೆಯಿಂದ ಬಂದು ಪಕ್ಕದಲ್ಲಿ ಬಾಡಿಗೆಗಿರುವವರ ಇಬ್ಬರು ಮಕ್ಕಳು ಈ ಬೇಸಿಗೆಯಿಂದ ನಡುಬೀದಿಯಲ್ಲಿ ನೆಟ್ ಇಲ್ಲದೆ ಶಟಲ್ ಆಡುತ್ತಿದ್ದಾರೆ. ಬೈಕು ಬಂದರೆ ನಿಲ್ಲಿಸಿ, ಹೋದ ಮೇಲೆ ಅದೇ ಪಾಯಿಂಟಿನಿಂದ ಶುರು ಮಾಡುತ್ತಾರೆ. ನಾವು ಎಮ್ಮೆಗಳಿಗೆ ಹಾಗೆ ನಿಲ್ಲಿಸುತ್ತಿದ್ದೆವು. ನಿನ್ನೆ ಎದುರು ಮನೆಯ ಹುಡುಗಿಯೂ ಬ್ಯಾಗ್ ಗೋಡೆಗೆ ಒರಗಿಸಿ ಸೇರಿಕೊಂಡಳು. ಒಳಗಿನಿಂದ ಅವಳಮ್ಮ ಮೂರು ಸಲ ಕರೆದರು. ಮೂರು ಸಲವೂ ಅವಳು “ಐದೇ ನಿಮಿಷ” ಅಂದಳು. ಕತ್ತಲಾಗಿ ಶಟಲ್ ಕಾಣದಂತಾಗುವವರೆಗೆ ಆ ಐದು ನಿಮಿಷ ನಡೆಯಿತು.